ಆಗಿಯೂ ಆಗದ ಮದುವೆ

1956ರಲ್ಲಿ ಲಂಡನ್ನಿನ ಒಂದು ಗುರುದ್ವಾರದಲ್ಲಿ ಹತ್ತೊಂಬತ್ತರ ಹುಡುಗನಿಗೂ ಹದಿನಾರರ ಹುಡುಗಿಗೂ ಸಿಖ್ ಪದ್ಧತಿಯಂತೆ ಮದುವೆಯಾಯಿತು. ಮೂವತ್ತೇಳು ವರ್ಷ ಇಬ್ಬರೂ ಸಂಸಾರ ಮಾಡಿದರು, ಮಕ್ಕಳಾದರು. ಗಂಡ ವಿವಾಹಿತನೆಂದೇ ತೆರಿಗೆ ಕಟ್ಟಿದ, ವಿವಾಹಿತನೆಂದೇ ರಾಷ್ಟ್ರೀಯ ವಿಮೆಯ ಕಂತು ತುಂಬಿದ. ಆ ಹಣ ತೆಗೆದುಕೊಳ್ಳುವಾಗ ಸರ್ಕಾರದ ಯಾವ ಇಲಾಖೆಯೂ ತಕರಾರು ಎತ್ತಲಿಲ್ಲ. 1994ರಲ್ಲಿ ಆತ ತೀರಿಕೊಂಡ. ಹೆಂಡತಿ ವಿಧವಾ ಪಿಂಚಣಿಗೆ ಅರ್ಜಿ ಹಾಕಿದಾಗ ಬಂದ ಉತ್ತರದ ಸಾರ ಇಷ್ಟು: ನೀವು ವಿಧವೆಯಲ್ಲ, ಯಾಕೆಂದರೆ ನೀವು ಹೆಂಡತಿಯೇ ಆಗಿರಲಿಲ್ಲ. ನಿಮ್ಮ ಮದುವೆ ನಡೆದ ಗುರುದ್ವಾರ ಆಗ ಮದುವೆಗೆಂದು ನೋಂದಣಿಯಾದ ಕಟ್ಟಡವಾಗಿರಲಿಲ್ಲ.

ಈ ಪ್ರಕರಣ ಮೇಲ್ಮನವಿ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ ಏನಾಯಿತು ಎನ್ನುವುದಕ್ಕೆ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ಮದುವೆಯ ಸಿಂಧುತ್ವಕ್ಕೂ ಕಟ್ಟಡದ ನೋಂದಣಿಗೂ ಎತ್ತಣಿಂದೆತ್ತ ಸಂಬಂಧ? ಗಂಡು ಒಪ್ಪಿದ್ದಾನೆ, ಹೆಣ್ಣು ಒಪ್ಪಿದ್ದಾಳೆ, ಊರು ನೋಡಿದೆ. ಗೋಡೆಗಳ ದಾಖಲೆ ಯಾಕೆ ಬೇಕು? ಇದಕ್ಕೆ ಇಂಗ್ಲೆಂಡಿನ ಕಾನೂನು ಕೊಡುವ ಉತ್ತರದ ಹಿಂದೆ ಸುಮಾರು ಎರಡೂವರೆ ಶತಮಾನದ ಜಗಳವಿದೆ.

ಮೂರು ಪೆಟ್ಟಿಗೆಗಳು

ಮೊದಲು ಪದಗಳ ವಿಚಾರ. ಕಾನೂನು ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನನಗೆ ಅತ್ಯಂತ ಹೆಚ್ಚು ಕಾಟ ಕೊಟ್ಟಿರುವುದು ‘ಇಲ್ಲ’ ಎಂಬುದರ ಬಗೆಬಗೆಯ ರೂಪಗಳು. ನಮ್ಮ ಕಾನೂನು ಕನ್ನಡದಲ್ಲಿ ಊರ್ಜಿತ, ಸಿಂಧು ಎಂಬ ಪದಗಳಿವೆ. ಅವುಗಳ ಎದುರಿಗೆ ಅನೂರ್ಜಿತ, ಅಸಿಂಧು, ಶೂನ್ಯ ಎಂಬವು. ಒಂದು ವಿಷಯ ಸಿಂಧು ಅಥವಾ ಅಸಿಂಧು, ಅಲ್ಲಿಗೆ ಮುಗಿಯಿತು ಎಂದು ನಮಗೆ ಅನ್ನಿಸುತ್ತದೆ.

ಇಂಗ್ಲಿಷ್ ಮದುವೆ ಕಾನೂನಿನಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ. ವಿಧಿವಿಧಾನದಲ್ಲಿ ಲೋಪವಿರುವ ಮದುವೆಯೊಂದು ಮೂರು ಪೆಟ್ಟಿಗೆಗಳಲ್ಲಿ ಯಾವುದಕ್ಕಾದರೂ ಬೀಳಬಹುದು. ಮೊದಲನೆಯದು, ಲೋಪವಿದ್ದರೂ ಊರ್ಜಿತ. ಎರಡನೆಯದು, ಶೂನ್ಯ ವಿವಾಹ. ಮೂರನೆಯದು, ಶೂನ್ಯವೂ ಅಲ್ಲ, ಅದು ಮದುವೆಯೇ ಅಲ್ಲ.

ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸ, ಎರಡೂ ಸೊನ್ನೆಯೇ ಅಲ್ಲವೇ ಎಂದು ನೀವು ಕೇಳಬಹುದು. ಲೆಕ್ಕದಲ್ಲಿ ಹೌದು, ಬದುಕಿನಲ್ಲಿ ಅಲ್ಲ. ಮದುವೆ ‘ಶೂನ್ಯ’ವಾದರೆ ಹಾಗೆಂದು ಘೋಷಿಸುವ ಆದೇಶವನ್ನು ನ್ಯಾಯಾಲಯದಿಂದ ಕೇಳಬಹುದು. ಆ ಆದೇಶದ ಜೊತೆಗೆ ವಿಚ್ಛೇದನದಲ್ಲಿ ಇರುವಂತೆಯೇ ಮನೆ, ಪಿಂಚಣಿ, ಜೀವನಾಂಶ ಹಂಚಿಕೊಡುವ ಅಧಿಕಾರ ನ್ಯಾಯಾಧೀಶರಿಗೆ ಬರುತ್ತದೆ. 1973ರ ಮ್ಯಾಟ್ರಿಮೋನಿಯಲ್ ಕಾಸಸ್ ಆ್ಯಕ್ಟ್ ಅದಕ್ಕೆ ದಾರಿ ಇಟ್ಟಿದೆ. ‘ಮದುವೆಯೇ ಅಲ್ಲ’ ಎಂದಾದರೆ ಈ ಬಾಗಿಲು ತೆರೆಯುವುದೇ ಇಲ್ಲ. ಇಪ್ಪತ್ತು ವರ್ಷ ಜೊತೆಗಿದ್ದರೂ ಕಾನೂನಿನ ಕಣ್ಣಿಗೆ ಅವರು ಒಂದೇ ಸೂರಿನಡಿ ಇದ್ದ ಇಬ್ಬರು ಅಪರಿಚಿತರು. ಸತ್ತು ಹುಟ್ಟಿದ ಮಗುವಿಗೂ ಗರ್ಭವೇ ನಿಲ್ಲದ್ದಕ್ಕೂ ಇರುವಂಥ ವ್ಯತ್ಯಾಸ ಇದು.

ಭಾಷಾಶಾಸ್ತ್ರ ಓದಿದವರಿಗೆ ಇಲ್ಲಿ ಜೆ.ಎಲ್. ಆಸ್ಟಿನ್ ನೆನಪಾಗುತ್ತಾರೆ. 1955ರಲ್ಲಿ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಟ್ಟ ಈ ಆಕ್ಸ್‌ಫರ್ಡ್ ತತ್ವಜ್ಞಾನಿಯ ಪ್ರಕಾರ ಕೆಲವು ಮಾತುಗಳು ಏನನ್ನೂ ವರ್ಣಿಸುವುದಿಲ್ಲ, ಕೆಲಸವನ್ನೇ ಮಾಡುತ್ತವೆ. ಅವರು ಕೊಟ್ಟ ಮೊದಮೊದಲ ಉದಾಹರಣೆಗಳಲ್ಲಿ ಮದುವೆಯಲ್ಲಿ ಆಡುವ ಒಪ್ಪಿಗೆಯ ಮಾತೂ ಒಂದು. ಅಂಥ ಮಾತು ಸುಳ್ಳಾಗುವುದಿಲ್ಲ, ಗುರಿ ತಪ್ಪುತ್ತದೆ. ಸರಿಯಾದ ವ್ಯಕ್ತಿ, ಸರಿಯಾದ ಜಾಗ, ಸರಿಯಾದ ಕ್ರಮ ಇಲ್ಲದಿದ್ದರೆ ಮದ್ದು ತುಂಬಿದ ಬಂದೂಕು ಠುಸ್ಸೆಂದಂತೆ. ಆಸ್ಟಿನ್‌ಗಿಂತ ಇನ್ನೂರು ವರ್ಷ ಮೊದಲೇ ಬ್ರಿಟಿಷ್ ಪಾರ್ಲಿಮೆಂಟು ಇದೇ ಪ್ರಶ್ನೆಗೆ ಸಿಕ್ಕಿಹಾಕಿಕೊಂಡಿತ್ತು. ಆದರೆ ಅದರ ಮುಂದೆ ಇದ್ದದ್ದು ವ್ಯಾಕರಣವಲ್ಲ, ಆಸ್ತಿ.

ಫ್ಲೀಟ್ ಜೈಲಿನ ಪಾದ್ರಿಗಳು

ಮಧ್ಯಯುಗದ ಚರ್ಚಿನ ಕಾನೂನಿನಲ್ಲಿ ಮದುವೆಯ ತಿರುಳು ಒಪ್ಪಿಗೆಯ ಮಾತು. ‘ಈಗ ನಿನ್ನನ್ನು ವರಿಸುತ್ತೇನೆ’ ಎಂದು ವರ್ತಮಾನ ಕಾಲದಲ್ಲಿ ಇಬ್ಬರೂ ಹೇಳಿದರೆ ಬಂಧನವಾಯಿತು. ‘ವರಿಸುವೆ’ ಎಂದು ಭವಿಷ್ಯತ್ತಿನಲ್ಲಿ ಹೇಳಿದರೆ ಅದು ಬರೀ ನಿಶ್ಚಿತಾರ್ಥ. ಕ್ರಿಯಾಪದದ ಕಾಲದ ಮೇಲೆ ಮದುವೆ ನಿಂತಿದ್ದ ದಿನಗಳು ಅವು.

ಆದ್ದರಿಂದ 1753ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾತಿನಲ್ಲೇ ಮದುವೆಯಾಗಬಹುದಿತ್ತು ಎಂದು ಬಹಳ ಕಾಲ ಬರೆದುಕೊಂಡು ಬರಲಾಗಿತ್ತು. ಇತಿಹಾಸಕಾರ್ತಿ ರೆಬೆಕಾ ಪ್ರೋಬರ್ಟ್ ಇದನ್ನು ಪ್ರಶ್ನಿಸಿದ್ದಾರೆ. ಮಾತಿನ ಒಪ್ಪಂದವನ್ನು ಹಿಡಿದು ಚರ್ಚ್ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಅದು ‘ಹೋಗಿ ಚರ್ಚಿನಲ್ಲಿ ಮದುವೆಯಾಗಿ’ ಎಂದು ಆಜ್ಞೆ ಮಾಡಬಹುದಿತ್ತು. ಆದರೆ ವಿಧವೆಗೆ ಜಮೀನಿನಲ್ಲಿ ಪಾಲು ಸಿಗಬೇಕಾದರೆ ಪಾದ್ರಿಯ ಎದುರಿಗೆ ಮದುವೆ ನಡೆದಿರಬೇಕಿತ್ತು. ಹೆಚ್ಚಿನ ಜನ ಮಾಡುತ್ತಿದ್ದುದೂ ಅದನ್ನೇ.

ತೊಂದರೆ ಇದ್ದದ್ದು ಪಾದ್ರಿ ಎಂಥವನು ಎನ್ನುವಲ್ಲಿ. 1604ರ ಚರ್ಚ್ ನಿಯಮಗಳ ಪ್ರಕಾರ ಮೂರು ಬಾರಿ ಚರ್ಚಿನಲ್ಲಿ ಸಾರಬೇಕು, ಇಲ್ಲವೇ ಲೈಸೆನ್ಸ್ ಪಡೆಯಬೇಕು. ಮದುವೆ ಬೆಳಿಗ್ಗೆ ಎಂಟರಿಂದ ಹನ್ನೆರಡರೊಳಗೆ ನಡೆಯಬೇಕು. ಇವನ್ನು ಮೀರಿದರೆ ಪಾದ್ರಿಗೆ ಶಿಕ್ಷೆ. ಮದುವೆ ಮಾತ್ರ ನಿಲ್ಲುತ್ತಿತ್ತು. ಈ ಸಂದಿಯಲ್ಲಿ ಬೆಳೆದದ್ದು ಲಂಡನ್ನಿನ ಫ್ಲೀಟ್ ಸಾಲಗಾರರ ಜೈಲಿನ ಸುತ್ತಮುತ್ತಲಿನ ಮದುವೆ ವ್ಯಾಪಾರ. ಸಾಲಕ್ಕೆ ಸಿಕ್ಕಿಬಿದ್ದು ಆಗಲೇ ಜೈಲಿನಲ್ಲಿರುವ ಪಾದ್ರಿಗೆ ಇನ್ನಾವ ಶಿಕ್ಷೆಯ ಭಯ? ಹತ್ತಿರದ ಹೆಂಡದಂಗಡಿಗಳಲ್ಲೇ ಮದುವೆ ನಡೆಯುತ್ತಿತ್ತು. ಬೇಕಾದವರಿಗೆ ಹಿಂದಿನ ತಾರೀಖು ಹಾಕಿದ ದಾಖಲೆಯೂ ಸಿಗುತ್ತಿತ್ತು. ಬಸುರಿಯಾದ ಹುಡುಗಿಗೆ ಅದರಿಂದ ಮಾನ ಉಳಿಯುತ್ತಿತ್ತು, ಆಸ್ತಿವಂತ ಹುಡುಗಿಯನ್ನು ಹಾರಿಸಿಕೊಂಡು ಬಂದವನಿಗೆ ಆಸ್ತಿ ಸಿಗುತ್ತಿತ್ತು. 1740ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಆರು ಸಾವಿರದವರೆಗೆ ಮದುವೆಗಳಾಗುತ್ತಿದ್ದವೆಂಬ ಅಂದಾಜಿದೆ.

ಇದು ಬಡವರ ಚಾಳಿ ಮಾತ್ರವಾಗಿರಲಿಲ್ಲ. ಮೇಫೇರ್‌ನಲ್ಲಿ ಅಲೆಕ್ಸಾಂಡರ್ ಕೀತ್ ಎಂಬ ಪಾದ್ರಿಯ ಚಾಪೆಲ್ಲು ದೊಡ್ಡ ಮನೆತನದವರಿಗೆ ಇದೇ ಸೇವೆ ಕೊಡುತ್ತಿತ್ತು. 1752ರ ಫೆಬ್ರವರಿಯಲ್ಲಿ ಹ್ಯಾಮಿಲ್ಟನ್ನಿನ ಡ್ಯೂಕ್ ಅಲ್ಲಿ ನಡುರಾತ್ರಿ ದಾಟಿದ ಮೇಲೆ ಎಲಿಜಬೆತ್ ಗನ್ನಿಂಗ್‌ಳನ್ನು ಮದುವೆಯಾದ. ಆ ಹೊತ್ತಿನಲ್ಲಿ ಉಂಗುರ ಸಿಗದೆ ಹಾಸಿಗೆಯ ಪರದೆಯ ಬಳೆಯನ್ನೇ ಬಳಸಿದರಂತೆ. ಆ ಮದುವೆ ಸಂಪೂರ್ಣ ಸಿಂಧುವಾಗಿತ್ತು.

ಹಾರ್ಡ್‌ವಿಕ್ ಹಾಕಿದ ಬೀಗ

ಪಾರ್ಲಿಮೆಂಟನ್ನು ಕೊನೆಗೆ ಎಬ್ಬಿಸಿದ್ದು ಸ್ಕಾಟ್ಲೆಂಡಿನ ಒಂದು ಪ್ರಕರಣ. ಕ್ಯಾಪ್ಟನ್ ಜಾನ್ ಕ್ಯಾಂಬೆಲ್ 1745ರಲ್ಲಿ ಫಾಂಟೆನಾಯ್ ಯುದ್ಧದಲ್ಲಿ ಸತ್ತ. ಇಪ್ಪತ್ತು ವರ್ಷ ಅವನ ಜೊತೆ ಸಂಸಾರ ಮಾಡಿದ್ದ ಜೀನ್ ವಿಧವಾ ಪಿಂಚಣಿ ಕೇಳಿದಳು. ಆಗ ಮ್ಯಾಗ್ಡಲಿನ್ ಕಾಕ್ರನ್ ಎಂಬಾಕೆ, ‘ಅದಕ್ಕೂ ಮೊದಲೇ ನನ್ನನ್ನು ಗುಟ್ಟಾಗಿ ಮದುವೆಯಾಗಿದ್ದ’ ಎಂದು ಮುಂದೆ ಬಂದಳು. ಹೌಸ್ ಆಫ್ ಲಾರ್ಡ್ಸ್ ಜೀನ್ ಪರ ತೀರ್ಪು ಕೊಟ್ಟಿತು. ಗುಟ್ಟಿನ ಮದುವೆಯೊಂದು ಯಾರದಾದರೂ ಸಂಸಾರವನ್ನು ಇಪ್ಪತ್ತು ವರ್ಷದ ನಂತರವೂ ಉರುಳಿಸಬಹುದು ಎಂಬ ಭಯ ಮಾತ್ರ ಉಳಿಯಿತು.

ಲಾರ್ಡ್ ಚಾನ್ಸಲರ್ ಹಾರ್ಡ್‌ವಿಕ್ ತಂದ 1753ರ ಕಾಯ್ದೆ 1754ರ ಮಾರ್ಚ್ 25ರಂದು ಜಾರಿಗೆ ಬಂತು. ಸಾರುವಿಕೆ ಅಥವಾ ಲೈಸೆನ್ಸ್ ಇಲ್ಲದೆ, ರೂಢಿಯಾಗಿ ಸಾರುವಿಕೆ ನಡೆಯುತ್ತಿದ್ದ ಚರ್ಚ್ ಅಥವಾ ಚಾಪೆಲ್ಲಿನ ಹೊರಗೆ ನಡೆದ ಮದುವೆ ಶೂನ್ಯ. ಇಪ್ಪತ್ತೊಂದು ತುಂಬದವರು ಪೋಷಕರ ಒಪ್ಪಿಗೆಯಿಲ್ಲದೆ ಲೈಸೆನ್ಸಿನ ಮೇಲೆ ಮದುವೆಯಾದರೆ ಅದೂ ಶೂನ್ಯ. ನಿಯಮ ಮೀರಿದ ಪಾದ್ರಿಗೆ ಹದಿನಾಲ್ಕು ವರ್ಷ ಗಡಿಪಾರು. ದಾಖಲೆ ತಿದ್ದಿದವನಿಗೆ ಮರಣದಂಡನೆ. ಅಲ್ಲಿಯವರೆಗೆ ಲೋಪದ ಶಿಕ್ಷೆ ಪಾದ್ರಿಗಿತ್ತು, ಈಗ ಅದು ಮದುವೆಗೇ ಬಂತು.

ಕಾಮನ್ಸ್ ಸಭೆಯಲ್ಲಿ ಇದನ್ನು ಜೋರಾಗಿ ವಿರೋಧಿಸಿದವರಲ್ಲಿ ಹೆನ್ರಿ ಫಾಕ್ಸ್ ಒಬ್ಬ. ಅವನೇ 1744ರಲ್ಲಿ ರಿಚ್ಮಂಡ್ ಡ್ಯೂಕನ ಮಗಳನ್ನು ಗುಟ್ಟಾಗಿ ಮದುವೆಯಾಗಿದ್ದ. ಸಿರಿವಂತರು ತಮ್ಮ ಮಕ್ಕಳನ್ನು ಸಿರಿವಂತರಿಗೇ ಕಟ್ಟಿಹಾಕಲು ಮಾಡಿಕೊಂಡ ಕಾಯ್ದೆ ಇದು ಎಂಬುದು ವಿರೋಧಿಗಳ ಮುಖ್ಯ ಆರೋಪ. ಅದರಲ್ಲಿ ಹುರುಳಿತ್ತು.

ಕಾಯ್ದೆಯ ಗಡಿಗಳೂ ಅದರ ಕತೆಯ ಭಾಗ. ಅದು ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿದರೆ ಸಿಗುವ ಮೊದಲ ಊರುಗಳಲ್ಲಿ ಒಂದಾದ ಗ್ರೆಟ್ನಾ ಗ್ರೀನ್ ಓಡಿಹೋಗುವ ಜೋಡಿಗಳ ತೀರ್ಥಕ್ಷೇತ್ರವಾಯಿತು. ಮುಂದೆ ಲಾರ್ಡ್ ಚಾನ್ಸಲರ್ ಆದ ಎಲ್ಡನ್ ಸಹ 1772ರಲ್ಲಿ ಹುಡುಗಿಯನ್ನು ಕಿಟಕಿಯಿಂದ ಇಳಿಸಿಕೊಂಡು ಸ್ಕಾಟ್ಲೆಂಡಿಗೆ ಓಡಿದವನೇ. 1856ರಲ್ಲಿ, ಮದುವೆಗೆ ಮುಂಚೆ ಸ್ಕಾಟ್ಲೆಂಡಿನಲ್ಲಿ 21 ದಿನ ವಾಸವಿರಬೇಕು ಎಂಬ ಕಾಯ್ದೆ ತಂದು ಈ ದಾರಿ ಮುಚ್ಚಿದ ಲಾರ್ಡ್ ಬ್ರೂಮ್ ತಾನೇ 1819ರಲ್ಲಿ ಗಡಿಯ ಆಚೆ ಮದುವೆಯಾಗಿದ್ದ.

ಇನ್ನೊಂದು ಗಡಿ ಧರ್ಮದ್ದು. ಕ್ವೇಕರರಿಗೂ ಯಹೂದಿಗಳಿಗೂ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಕ್ಯಾಥೊಲಿಕ್ಕರು ಮತ್ತು ಉಳಿದ ಭಿನ್ನಮತೀಯ ಪ್ರಾಟೆಸ್ಟಂಟರು ಮಾತ್ರ ಆಂಗ್ಲಿಕನ್ ಚರ್ಚಿಗೇ ಹೋಗಿ ಮದುವೆಯಾಗಬೇಕಾಯಿತು. ಈ ವಿನಾಯಿತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. 1949ರ ಕಾಯ್ದೆಯಲ್ಲೂ ಅದು ಉಳಿದುಕೊಂಡಿದೆ. ಯಹೂದಿ ಅಥವಾ ಕ್ವೇಕರ್ ಜೋಡಿ ಮುಂಚಿತವಾಗಿ ನೋಟಿಸ್ ಕೊಟ್ಟು ತಮ್ಮ ಪದ್ಧತಿಯಂತೆ ಮದುವೆಯಾದರೆ ಸಾಕು, ಅದು ನೋಂದಾಯಿತ ಕಟ್ಟಡದಲ್ಲೇ ಆಗಬೇಕೆಂದಿಲ್ಲ.

ಬೀಗದ ಒಳಗೆ ಸಿಕ್ಕಿಬಿದ್ದವರು

ಫ್ಲೀಟ್ ವ್ಯಾಪಾರ ಒಂದೇ ಏಟಿಗೆ ನಿಂತಿತು. ಆದರೆ ಬಿಗಿಯಾದ ನಿಯಮದ ಬಲೆಗೆ ಮೋಸಗಾರರಿಗಿಂತ ಹೆಚ್ಚಾಗಿ ಅಮಾಯಕರು ಬಿದ್ದರು.

1781ರ ನಾರ್ತ್‌ಫೀಲ್ಡ್ ಪ್ರಕರಣ ಇದಕ್ಕೆ ಸಾಕ್ಷಿ. ಬಡವರನ್ನು ಯಾವ ಪ್ಯಾರಿಷ್ ಸಾಕಬೇಕು ಎಂಬ ಜಗಳಗಳಲ್ಲಿ ಮದುವೆಯ ಸಿಂಧುತ್ವ ಪದೇಪದೇ ಏಳುತ್ತಿತ್ತು. ಹೆಂಡತಿ ಮಕ್ಕಳ ಹೊಣೆ ಗಂಡನ ಪ್ಯಾರಿಷ್‌ನದು, ಆದ್ದರಿಂದ ಮದುವೆ ಬಿದ್ದುಹೋದರೆ ಹೊಣೆಯೂ ಜಾರುತ್ತದೆ. ಈ ಪ್ರಕರಣದಲ್ಲಿ ಮದುವೆ ನಡೆದ ಚಾಪೆಲ್ಲು 1753ರ ನಂತರ ಕಟ್ಟಿದ್ದು. ಕಾಯ್ದೆಯಲ್ಲಿ ಇದ್ದದ್ದು ‘ರೂಢಿಯಾಗಿ ಸಾರುವಿಕೆ ನಡೆಯುತ್ತಿದ್ದ’ ಎಂಬ ಭೂತಕಾಲದ ಮಾತು. ಕಾಯ್ದೆ ಬಂದಾಗ ಇರದೇ ಇದ್ದ ಕಟ್ಟಡದಲ್ಲಿ ಅಂಥ ರೂಢಿ ಎಲ್ಲಿಂದ ಬರಬೇಕು? ಲಾರ್ಡ್ ಮ್ಯಾನ್ಸ್‌ಫೀಲ್ಡ್ ನೇತೃತ್ವದ ನ್ಯಾಯಾಲಯ ಮದುವೆ ಶೂನ್ಯ ಎಂದಿತು. ಊರುಗಳು ಬೆಳೆಯುತ್ತಿದ್ದ ಕಾಲ, ಹೊಸ ಚಾಪೆಲ್ಲುಗಳು ಎಲ್ಲೆಡೆ ಎದ್ದಿದ್ದವು. ಅಲ್ಲಿ ಸಕಲ ಶಾಸ್ತ್ರೋಕ್ತವಾಗಿ ಮದುವೆಯಾದವರ ಸಂಸಾರಗಳೆಲ್ಲ ಒಂದೇ ತೀರ್ಪಿನಿಂದ ಅಲುಗಾಡಿದವು. ಅದೇ ವರ್ಷ ಪಾರ್ಲಿಮೆಂಟು ಅವಸರದಿಂದ ಕಾಯ್ದೆ ಮಾಡಿ, ಆವರೆಗೆ ಆದ ಅಂಥ ಮದುವೆಗಳನ್ನೆಲ್ಲ ಸಿಂಧುವೆಂದು ಸಾರಿತು. ಇಂಥ ತೇಪೆ ಕಾಯ್ದೆಗಳು ಮುಂದೆಯೂ ಬಂದವು. 1905ರಲ್ಲಿ ಇದಕ್ಕೆಂದೇ ಒಂದು ಶಾಶ್ವತ ವಿಧಾನವನ್ನು ರೂಪಿಸಬೇಕಾಯಿತು.

ಅಪ್ರಾಪ್ತರ ನಿಯಮ ಇನ್ನೂ ಕ್ರೂರವಾಗಿತ್ತು. 1799ರ ಹಾರ್ನರ್ ಮತ್ತು ಲಿಡಿಯರ್ಡ್ ಪ್ರಕರಣದಲ್ಲಿ ಹುಡುಗಿ ಮದುವೆಯಾಚೆಯ ಸಂಬಂಧದಲ್ಲಿ ಹುಟ್ಟಿದವಳು. ಹೆತ್ತ ತಾಯಿ ಒಪ್ಪಿಗೆ ಕೊಟ್ಟಿದ್ದಳು. ಕಾನೂನಿನ ಪ್ರಕಾರ ಅಂಥ ಮಗುವಿಗೆ ತಾಯಿ ತಂದೆಯರೇ ಇಲ್ಲ, ಹಾಗಾಗಿ ಒಪ್ಪಿಗೆಗೂ ಬೆಲೆಯಿಲ್ಲ, ಮದುವೆ ಶೂನ್ಯ ಎಂದಾಯಿತು.

ಎಪ್ಪತ್ತು ವರ್ಷದ ಈ ಅನುಭವದಿಂದ ಹುಟ್ಟಿದ್ದು 1823ರ ಕಾಯ್ದೆ. ಅದು ಸೇರಿಸಿದ್ದು ಎರಡೇ ಪದ: ‘ತಿಳಿದೂ ಬೇಕೆಂದೇ’. ಇಬ್ಬರೂ ತಿಳಿದೂ ಬೇಕೆಂದೇ ನಿಯಮ ಮುರಿದು ಮದುವೆಯಾಗಿದ್ದರೆ ಮಾತ್ರ ಅದು ಶೂನ್ಯ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿರದಿದ್ದರೆ ಮದುವೆ ಉಳಿಯುತ್ತದೆ. 1833ರ ರಾಕ್ಸ್‌ಟನ್ ಪ್ರಕರಣ ಇದನ್ನು ಸ್ಪಷ್ಟಪಡಿಸಿತು. ಮೋಸ ಮಾಡಿದವನು ತನ್ನ ಮೋಸವನ್ನೇ ತೋರಿಸಿ ಮದುವೆಯಿಂದ ನುಣುಚಿಕೊಳ್ಳುವ ದಾರಿ ಮುಚ್ಚಿತು. ಪೋಷಕರ ಒಪ್ಪಿಗೆ ಇಲ್ಲದ್ದು ಮದುವೆಯನ್ನು ಕೆಡವುವ ಕಾರಣವಾಗಿ ಉಳಿಯಲಿಲ್ಲ. ಇಂಗ್ಲಿಷ್ ಮದುವೆ ಕಾನೂನಿನಲ್ಲಿ ಇಷ್ಟು ಮಾನವೀಯವಾದ ಎರಡು ಪದ ಬೇರೆಲ್ಲೂ ಇಲ್ಲವೆಂದೇ ನನ್ನ ಅನಿಸಿಕೆ. ಆ ಎರಡು ಪದ ಇಂದಿಗೂ ಜಾರಿಯಲ್ಲಿವೆ.

ಕಟ್ಟಡ ಬಂದದ್ದು ಹೇಗೆ

ಭಿನ್ನಮತೀಯರಿಗೂ ಕ್ಯಾಥೊಲಿಕ್ಕರಿಗೂ ಬಿಡುಗಡೆ ಸಿಕ್ಕಿದ್ದು 1836ರ ಮದುವೆ ಕಾಯ್ದೆಯಿಂದ. ಧರ್ಮದ ಗೊಡವೆಯಿಲ್ಲದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗುವ ದಾರಿ ತೆರೆಯಿತು. ಅದರ ಜೊತೆಗೆ ಅವರವರ ಪ್ರಾರ್ಥನಾಲಯವನ್ನು ಮದುವೆಗೆಂದು ನೋಂದಾಯಿಸಿಕೊಳ್ಳಬಹುದು ಎಂಬ ವ್ಯವಸ್ಥೆ ಬಂತು. ಇಪ್ಪತ್ತು ಮಂದಿ ಗೃಹಸ್ಥರು ‘ಇದು ನಮ್ಮ ಪ್ರಾರ್ಥನಾಲಯ’ ಎಂದು ಪ್ರಮಾಣೀಕರಿಸಬೇಕು. ಬಾಗಿಲು ತೆರೆದಿರಬೇಕು. ರಿಜಿಸ್ಟ್ರಾರ್ ಹಾಜರಿರಬೇಕು. ನಿಗದಿತ ಒಪ್ಪಿಗೆಯ ಮಾತುಗಳನ್ನು ಆಡಬೇಕು. 1898ರಿಂದ ರಿಜಿಸ್ಟ್ರಾರ್ ಬದಲಿಗೆ ಆ ಕಟ್ಟಡದ ಅಧಿಕೃತ ವ್ಯಕ್ತಿಯೊಬ್ಬರಿದ್ದರೂ ಸಾಕೆಂದಾಯಿತು.

ಬ್ಯಾಪ್ಟಿಸ್ಟರಿಗೆ, ಮೆಥಡಿಸ್ಟರಿಗೆ, ಕ್ಯಾಥೊಲಿಕ್ಕರಿಗೆ ಇದು ಒಗ್ಗುವ ಏರ್ಪಾಡು. ಅವರ ಮದುವೆ ಹೇಗಿದ್ದರೂ ಚರ್ಚಿನೊಳಗೇ ನಡೆಯುತ್ತದೆ. ಅಂದರೆ 1836ರ ಕಾನೂನಿನ ಕಲ್ಪನೆಯಲ್ಲಿದ್ದ ‘ಬೇರೆ ಧರ್ಮ’ ಎಂದರೆ ಬೇರೆ ಬಗೆಯ ಚರ್ಚು, ಅಷ್ಟೇ. ಮದುವೆಗೆ ಅಗ್ನಿ ಬೇಕು, ಕಟ್ಟಡ ಬೇಕಿಲ್ಲ ಎನ್ನುವವರು ಅಲ್ಲಿರಲಿಲ್ಲ. ಮನೆಯ ನಡುಮನೆಯಲ್ಲೇ ನಿಕಾಹ್ ಮುಗಿಸುವವರೂ ಇರಲಿಲ್ಲ. ಅವರೆಲ್ಲ ಬಂದಾಗ ಇಪ್ಪತ್ತನೇ ಶತಮಾನದ ನಡುಭಾಗ. 1949ರ ಕಾಯ್ದೆ ಹಳೆಯದನ್ನೆಲ್ಲ ಒಂದೆಡೆ ಜೋಡಿಸಿಟ್ಟಿತ್ತು, ಆದರೆ ಜೋಡಿಸಿದ್ದು ಹಳೆಯದನ್ನೇ.

1994ರ ತಿದ್ದುಪಡಿಯಿಂದ ಹೋಟೆಲು, ಅರಮನೆಗಳಲ್ಲೂ ಸಿವಿಲ್ ಮದುವೆ ಸಾಧ್ಯವಾಯಿತು. ಆದರೆ ಅಲ್ಲಿ ಧಾರ್ಮಿಕ ವಿಧಿ ಸೇರಿಸುವಂತಿಲ್ಲ. ಹಾಗಾಗಿ ಇಂಗ್ಲೆಂಡಿನಲ್ಲಿರುವ ನಮ್ಮವರು ರಿಜಿಸ್ಟರ್ ಕಚೇರಿಯಲ್ಲಿ ಒಮ್ಮೆ, ಮಂಟಪದಲ್ಲಿ ಇನ್ನೊಮ್ಮೆ ಮದುವೆಯಾಗುವುದು ವಾಡಿಕೆ. ನಮ್ಮ ಲೆಕ್ಕದಲ್ಲಿ ಧಾರೆಯೆರೆದ ದಿನವೇ ಮದುವೆ. ಕಾನೂನಿನ ಲೆಕ್ಕದಲ್ಲಿ ಅದು ಔತಣಕೂಟ.

ಕಾಯ್ದೆಯ ಬಿಕ್ಕಟ್ಟು ರಾಜಮನೆತನವನ್ನೂ ಬಿಡಲಿಲ್ಲ. 1753ರ ಕಾಯ್ದೆಯಂತೆ 1836ರದ್ದೂ ರಾಜಮನೆತನವನ್ನು ಹೊರಗಿಟ್ಟಿತ್ತು. 2005ರಲ್ಲಿ ಚಾರ್ಲ್ಸ್ ಮತ್ತು ಕಮಿಲಾ ಸಿವಿಲ್ ಮದುವೆಗೆ ಹೊರಟಾಗ ಅದು ಸಿಂಧುವೇ ಎಂಬ ಪ್ರಶ್ನೆ ಎದ್ದಿತು. ಸಿಂಧು ಎಂದು ಲಾರ್ಡ್ ಚಾನ್ಸಲರ್ ಹೇಳಿಕೆ ಕೊಡಬೇಕಾಯಿತು. ವಿಂಡ್ಸರ್ ಕೋಟೆಗೆ ಮದುವೆಯ ಪರವಾನಗಿ ಪಡೆದರೆ ಊರಿನ ಎಲ್ಲರಿಗೂ ಅಲ್ಲಿ ಮದುವೆಯಾಗಲು ಬಿಡಬೇಕಾಗುತ್ತದೆ ಎಂದು ತಿಳಿದ ಮೇಲೆ ಮದುವೆ ಪಕ್ಕದ ಗಿಲ್ಡ್‌ಹಾಲಿಗೆ ಹೋಯಿತು.

ಬೊಂಬಾಯಿಯ ಒಂದು ತಿರುವು

ವಸಾಹತುಗಳ ಕತೆ ಬೇರೆ. 1829ರಲ್ಲಿ ಐರ್ಲೆಂಡಿನಲ್ಲಿ ಜಾರ್ಜ್ ಮಿಲ್ಲಿಸ್ ಎಂಬವನು ಹೆಸ್ಟರ್ ಗ್ರಹಾಂ ಎಂಬಾಕೆಯನ್ನು ಪ್ರೆಸ್ಬಿಟೇರಿಯನ್ ಪಾದ್ರಿಯ ಎದುರು ಮದುವೆಯಾದ. ಆಮೇಲೆ ಇಂಗ್ಲೆಂಡಿಗೆ ಹೋಗಿ ಇನ್ನೊಬ್ಬಳನ್ನು ಮದುವೆಯಾದ. ದ್ವಿಪತ್ನಿತ್ವದ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್ ತಲುಪಿತು. 1844ರಲ್ಲಿ ಮೂವರು ಹೆಸ್ಟರಳ ಪರ, ಮೂವರು ವಿರುದ್ಧ. ಸಮಸಮವಾದ್ದರಿಂದ ಮಿಲ್ಲಿಸ್ ಬಚಾವಾದ. ಬಿಷಪ್ಪನಿಂದ ದೀಕ್ಷೆ ಪಡೆದ ಪಾದ್ರಿ ಇಲ್ಲದಿದ್ದರೆ ಸಾಮಾನ್ಯ ಕಾನೂನಿನಲ್ಲಿ ಮದುವೆಯಿಲ್ಲ ಎಂಬ ತತ್ವ ಹೀಗೆ ಒಂದು ಮತದ ಬಹುಮತವೂ ಇಲ್ಲದೆ ನೆಲೆಯೂರಿತು.

ಇದರ ಕಂಪನ ಇಲ್ಲಿಯವರೆಗೂ ಬಂತು. ಭಾರತದಲ್ಲಿದ್ದ ಎಷ್ಟೋ ಯುರೋಪಿಯನ್ನರ ಮದುವೆ ನಡೆಸಿದವರು ಬಿಷಪ್ ದೀಕ್ಷೆಯಿಲ್ಲದ ಮಿಷನರಿಗಳು. ಸೂರತ್ತಿನಲ್ಲಿ ಕಾಂಗ್ರಿಗೇಷನಲ್ ಮಿಷನರಿ ನಡೆಸಿದ ಅಂಥದೊಂದು ಮದುವೆ, ಮೆಕ್ಲೀನ್ ಮತ್ತು ಕ್ರಿಸ್ಟಲ್ ಪ್ರಕರಣವಾಗಿ 1849ರಲ್ಲಿ ಬೊಂಬಾಯಿಯ ಸುಪ್ರೀಂ ಕೋರ್ಟಿಗೆ ಬಂತು. ಸರ್ ಅರ್ಸ್ಕಿನ್ ಪೆರಿ ಮುಖ್ಯ ನ್ಯಾಯಾಧೀಶರಾಗಿದ್ದ ಆ ನ್ಯಾಯಾಲಯ, ಮಿಲ್ಲಿಸ್ ತತ್ವವನ್ನು ಇಲ್ಲಿನ ಪರಿಸ್ಥಿತಿಗೆ ಎಳೆದು ತರಲಾಗದು, ಮದುವೆ ಸಿಂಧು ಎಂದಿತು. ಸಿಗದ ಪಾದ್ರಿಯನ್ನು ಬೇಡುವ ಕಾನೂನು ಕಾನೂನಲ್ಲ ಎಂಬ ಈ ಬುದ್ಧಿ ಲಂಡನ್ನಿಗಿಂತ ಮೊದಲು ಬೊಂಬಾಯಿಗೆ ಹೊಳೆದದ್ದು ಗಮನಿಸಬೇಕಾದ ಸಂಗತಿ.

ಗುರುದ್ವಾರವೂ ರೆಸ್ಟೊರೆಂಟೂ

ಈಗ 1956ರ ಗುರುದ್ವಾರಕ್ಕೆ ಬರೋಣ. ಬಾತ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1999ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಧವೆಯ ಪರ ತೀರ್ಪು ಕೊಟ್ಟಿತು. ತೀರ್ಪಿನಲ್ಲಿ ಎರಡು ಎಳೆಗಳಿವೆ. ಒಂದು, ದೀರ್ಘಕಾಲ ಗಂಡಹೆಂಡಿರಾಗಿ ಬಾಳಿದವರ ಮದುವೆ ಸರಿಯಾಗಿಯೇ ಆಗಿರಬೇಕು ಎಂಬ ಹಳೆಯ ಪೂರ್ವಭಾವನೆ. ಇನ್ನೊಂದು, ಕಟ್ಟಡ ನೋಂದಣಿಯಾಗಿಲ್ಲ ಎಂಬುದು ಆ ಇಬ್ಬರಿಗೂ ಗೊತ್ತಿರಲಿಲ್ಲ, ತಿಳಿದೂ ಬೇಕೆಂದೇ ಮಾಡಿದ್ದಲ್ಲ ಎಂಬುದು. 1823ರ ಆ ಎರಡು ಪದ ಆಕೆಗೆ ಪಿಂಚಣಿ ಕೊಡಿಸಿದವು.

ಆದರೆ ಆ ಎರಡು ಪದಗಳ ರಕ್ಷಣೆ ಸಿಗಬೇಕಾದರೆ ಮೊದಲು ಕಾಯ್ದೆಯ ಹೊಸ್ತಿಲನ್ನಾದರೂ ಮುಟ್ಟಿರಬೇಕು ಎಂಬ ಇನ್ನೊಂದು ಧಾರೆ ಅಷ್ಟರಲ್ಲಿ ಬೆಳೆದಿತ್ತು. ಅದರ ಮೂಲ 1965ರ ಭಾಮ್ ಪ್ರಕರಣ. ಖಾಸಗಿ ಮನೆಯಲ್ಲಿ ನಿಕಾಹ್ ನಡೆಸಿದವರ ಮೇಲೆ, ನೋಂದಣಿಯಿಲ್ಲದ ಜಾಗದಲ್ಲಿ ಮದುವೆ ನಡೆಸಿದ ಅಪರಾಧ ಹೊರಿಸಲಾಗಿತ್ತು. ನ್ಯಾಯಾಲಯ ಅವರನ್ನು ಬಿಟ್ಟಿತು. ಕಾರಣ, ಈ ಸಮಾರಂಭ ಇಂಗ್ಲಿಷ್ ಕಾನೂನು ಒಪ್ಪುವ ಬಗೆಯ ಮದುವೆಯಂತೆ ಮೇಲ್ನೋಟಕ್ಕೂ ಕಾಣುವುದಿಲ್ಲ, ಹಾಗಾಗಿ ‘ಮದುವೆ ನಡೆಸಿದ’ ಅಪರಾಧವೂ ಇಲ್ಲ. ಆ ಹೊತ್ತಿಗೆ ಅದು ಒಬ್ಬನನ್ನು ಶಿಕ್ಷೆಯಿಂದ ಉಳಿಸಿದ ಉದಾರ ಮಾತು. ಮುಂದೆ ಅದೇ ಮಾತು ಹೆಂಗಸರ ಹಕ್ಕುಗಳಿಗೆ ಅಡ್ಡ ನಿಂತಿತು.

ತೀರ್ಪುಗಳನ್ನು ಸಾಲಾಗಿ ಇಟ್ಟು ನೋಡಿ. ನೋಂದಣಿಯಿಲ್ಲದ ಕಾಪ್ಟಿಕ್ ಚರ್ಚಿನಲ್ಲಿ ಆದ ಮದುವೆ ಶೂನ್ಯ, ಅಂದರೆ ಎರಡನೇ ಪೆಟ್ಟಿಗೆ. ಅದು ಕ್ರೈಸ್ತ ಮದುವೆಯ ಲಕ್ಷಣಗಳನ್ನು ಹೊಂದಿತ್ತು ಎಂಬುದು 1997ರ ಗೆರೈಸ್ ಪ್ರಕರಣದ ತರ್ಕ. ಲಂಡನ್ನಿನ ರೆಸ್ಟೊರೆಂಟಿನಲ್ಲಿ ಬ್ರಾಹ್ಮಣ ಪುರೋಹಿತರು ನಡೆಸಿದ ಹಿಂದೂ ಮದುವೆ, ಗಾಂಧಿ ಮತ್ತು ಪಟೇಲ್ ಪ್ರಕರಣದಲ್ಲಿ, ಮದುವೆಯೇ ಅಲ್ಲ. ಲಂಡನ್ನಿನ ಮೊರೊಕ್ಕೊ ದೂತಾವಾಸ ಕಚೇರಿಯಲ್ಲಿ ಆದದ್ದೂ 2012ರಲ್ಲಿ ಮದುವೆಯಲ್ಲ ಎನಿಸಿತು. ಅದೇ 2012ರಲ್ಲಿ ಮಿಡಲ್ಸ್‌ಬರೋದ ಮಸೀದಿಯೊಂದರಲ್ಲಿ, ನೋಟಿಸೂ ಕೊಡದೆ, ಅಧಿಕೃತನಲ್ಲದ ಇಮಾಮರು ನಡೆಸಿದ ನಿಕಾಹ್ ಪೂರ್ತಿ ಸಿಂಧು ಎಂದಾಯಿತು. ಆ ಮಸೀದಿ ನೋಂದಾಯಿತ ಕಟ್ಟಡವಾಗಿತ್ತು. ಮಂತ್ರ ಅದೇ, ಮನಸ್ಸು ಅದೇ, ಅಜ್ಞಾನವೂ ಅದೇ. ಗೋಡೆ ಮಾತ್ರ ಬೇರೆ.

ಈ ಸಾಲಿನ ಕೊನೆಯ ದೊಡ್ಡ ತೀರ್ಪು ಅಖ್ತರ್ ಮತ್ತು ಖಾನ್ ಪ್ರಕರಣದ್ದು. 1998ರಲ್ಲಿ ಸೌತಾಲಿನ ರೆಸ್ಟೊರೆಂಟಿನಲ್ಲಿ ನಿಕಾಹ್. ಆಮೇಲೆ ಸಿವಿಲ್ ಮದುವೆ ಮಾಡಿಕೊಳ್ಳೋಣ ಎಂಬ ಮಾತಾಗಿತ್ತು. ಹೆಂಡತಿ ಕೇಳುತ್ತಲೇ ಇದ್ದರು, ಅದು ಆಗಲೇ ಇಲ್ಲ. ನಾಲ್ಕು ಮಕ್ಕಳು, ಹದಿನೆಂಟು ವರ್ಷದ ಸಂಸಾರ. 2018ರಲ್ಲಿ ಹೈಕೋರ್ಟ್ ನ್ಯಾಯಾಧೀಶರು ಆ ಮಾತು, ಮಕ್ಕಳ ಹಿತ, ಮಾನವ ಹಕ್ಕುಗಳು ಎಲ್ಲವನ್ನೂ ತೂಗಿ ಅದನ್ನು ಶೂನ್ಯ ವಿವಾಹ ಎಂದರು. ಅಂದರೆ ಆಕೆಗೆ ಹಕ್ಕಿನ ಬಾಗಿಲು ತೆರೆಯಿತು. ಸರ್ಕಾರದ ಅಟಾರ್ನಿ ಜನರಲ್ ಮೇಲ್ಮನವಿ ಹೋದರು. 2020ರ ಫೆಬ್ರವರಿ 14ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ಮೂರನೇ ಪೆಟ್ಟಿಗೆಗೆ ಹಾಕಿತು. ಮದುವೆ ಆಯ್ತೋ ಇಲ್ಲವೋ ಎಂಬುದು ಆ ದಿನವೇ ತಿಳಿಯಬೇಕು, ಮುಂದೆ ಮಕ್ಕಳಾದವು, ಮಾತು ಕೊಟ್ಟಿದ್ದರು ಎಂದು ಹಿಂದಕ್ಕೆ ಹೋಗಿ ಬದಲಿಸಲಾಗದು ಎಂಬುದು ತರ್ಕ. ‘ಮದುವೆಯೇ ಅಲ್ಲ’ ಎಂಬ ಮಾತು ನೋಯಿಸುತ್ತದೆಂದು ನ್ಯಾಯಾಲಯ ಅದರ ಬದಲು ‘ಅರ್ಹತೆ ಪಡೆಯದ ಸಮಾರಂಭ’ ಎಂಬ ಹೊಸ ಪದ ಬಳಸಿತು. ಪದ ಮೃದುವಾಯಿತು, ಪರಿಣಾಮ ಆಗಲಿಲ್ಲ.

ನ್ಯಾಯಾಲಯದ ತರ್ಕವನ್ನು ತಳ್ಳಿಹಾಕುವುದು ಸುಲಭವಲ್ಲ. ಯಾರು ವಿವಾಹಿತರು ಎಂಬುದು ಪಿಂಚಣಿ, ಆಸ್ತಿ, ಪೌರತ್ವ ಎಲ್ಲಕ್ಕೂ ತಳಹದಿ. ಅದು ನಿಖರವಾಗಿರಬೇಕು. ಹಾರ್ಡ್‌ವಿಕ್‌ನನ್ನು ಕಾಡಿದ್ದೂ ಇದೇ ಅನಿಶ್ಚಿತತೆ. ಆದರೆ ನಿಖರತೆಗೆ ತೆರುವ ಬೆಲೆಯನ್ನು ಯಾವಾಗಲೂ ಒಬ್ಬರೇ ತೆರುತ್ತಾರೆ. ಸಿವಿಲ್ ಮದುವೆಯನ್ನು ಮುಂದೂಡುತ್ತ ಬಂದವನಿಗೆ ಈ ಕಾನೂನಿನಿಂದ ನಷ್ಟವಿಲ್ಲ.

ನಮ್ಮಲ್ಲಿ ತಲೆಕೆಳಗು

ಇದನ್ನು ಓದಿ ‘ಸದ್ಯ, ನಮ್ಮಲ್ಲಿ ಹಾಗಿಲ್ಲ’ ಎನ್ನುವಂತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಇಲ್ಲದಿದ್ದರೆ ಮದುವೆ ಬೀಳುವುದಿಲ್ಲ, ಸಂಪ್ರದಾಯದ ವಿಧಿ ಇಲ್ಲದಿದ್ದರೆ ಬೀಳುತ್ತದೆ. 1965ರ ಭಾವುರಾವ್ ಲೋಖಂಡೆ ಪ್ರಕರಣದಲ್ಲಿ ಗಂಡನ ಎರಡನೇ ಮದುವೆ ಗಾಂಧರ್ವ ರೀತಿಯಲ್ಲಿ ಆಗಿದೆ ಎಂದು ದ್ವಿಪತ್ನಿತ್ವದ ಮೊಕದ್ದಮೆ. ಅಲ್ಲಿ ಹೋಮವಾಗಿರಲಿಲ್ಲ, ಸಪ್ತಪದಿ ಆಗಿರಲಿಲ್ಲ. ಆದ್ದರಿಂದ ಅದು ಮದುವೆಯಲ್ಲ, ಮದುವೆಯಲ್ಲದ್ದರಿಂದ ಅಪರಾಧವೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಭಾಮ್ ಪಾರಾದದ್ದು ಇದೇ ಜಾಡಿನಲ್ಲಿ. 2024ರ ಏಪ್ರಿಲ್‌ನಲ್ಲಿ ನ್ಯಾ. ಬಿ.ವಿ. ನಾಗರತ್ನ ಮತ್ತು ನ್ಯಾ. ಮಸೀಹ್ ಅವರ ಪೀಠ, ವಿಧಿಯೇ ನಡೆಯದೆ ಬರೀ ಪ್ರಮಾಣಪತ್ರ ಪಡೆದ ಜೋಡಿಯ ಮದುವೆ ಹಿಂದೂ ಕಾಯ್ದೆಯಡಿ ಮದುವೆಯಲ್ಲ ಎಂದಿತು.

ಅಲ್ಲಿ ಸಪ್ತಪದಿ ಇದ್ದು ಕಾಗದ ಇಲ್ಲದಿದ್ದರೆ ಮದುವೆಯಿಲ್ಲ. ಇಲ್ಲಿ ಕಾಗದವಿದ್ದು ಸಪ್ತಪದಿ ಇಲ್ಲದಿದ್ದರೆ ಮದುವೆಯಿಲ್ಲ. ಎರಡೂ ಕಡೆ ಒಪ್ಪಿಗೆ ಎಂಬುದು ಅಗತ್ಯ, ಆದರೆ ಸಾಲದು.

ಇಂಗ್ಲೆಂಡಿನ ಕಾನೂನು ಆಯೋಗ 2022ರ ಜುಲೈನಲ್ಲಿ ಕೊಟ್ಟ ವರದಿ ಈ ಗಂಟನ್ನು ಬಿಡಿಸಲು ನೋಡಿದೆ. ಕಟ್ಟಡವನ್ನು ನಿಯಂತ್ರಿಸುವುದು ಬಿಟ್ಟು, ಮದುವೆ ನಡೆಸುವ ವ್ಯಕ್ತಿಯನ್ನು ನಿಯಂತ್ರಿಸಿ ಎಂಬುದು ಅದರ ಮುಖ್ಯ ಸಲಹೆ. ಮುಂಚಿತವಾಗಿ ನೋಟಿಸ್ ಇರಲಿ, ಅಧಿಕೃತ ವ್ಯಕ್ತಿ ಇರಲಿ, ಆಮೇಲೆ ತೋಟದಲ್ಲೋ ಮನೆಯಲ್ಲೋ ಅಗ್ನಿಯ ಮುಂದೋ ಮದುವೆಯಾಗಲಿ. 1753ರಲ್ಲಿ ಯಹೂದಿಗಳಿಗೂ ಕ್ವೇಕರರಿಗೂ ಸಿಕ್ಕ ಸಲುಗೆ ಎಲ್ಲರಿಗೂ ಸಿಕ್ಕಂತೆ ಅದು.

ಅಲ್ಲಿಯವರೆಗೆ ಮಾಡಬಹುದಾದ್ದು ಸಣ್ಣದು, ಆದರೆ ಉಪಯುಕ್ತ. ಇಂಗ್ಲೆಂಡಿನಲ್ಲಿ ಮದುವೆ ಮಾಡಿಕೊಳ್ಳುವ ನಿಮ್ಮವರು ಯಾರಾದರೂ ಇದ್ದರೆ, ಮುಹೂರ್ತ ಕೇಳುವಾಗಲೇ ರಿಜಿಸ್ಟರ್ ಕಚೇರಿಯ ದಿನವನ್ನೂ ಕೇಳಿ. ‘ಆಮೇಲೆ ಮಾಡಿಸಿದರಾಯಿತು’ ಎಂಬ ಉತ್ತರ ಬಂದರೆ ಎರಡನೇ ಸಲ ಕೇಳಿ.